ರೈಲು ಗಟ್ಟಿ ಇದ್ರೆ ಸಾಲದು, ಸರಿಯಾದ ಜಾಗದಲ್ಲಿ ನಜ್ಜುಗುಜ್ಜಾಗ್ಬೇಕು

ಎಲ್ಲಾದ್ರೂ ರೈಲು ಆಕ್ಸಿಡೆಂಟ್ ಆದ್ರೆ ಮೂತಿ ಅಪ್ಪಚ್ಚಿಯಾಗಿರೋ ಒಂದು ಫೋಟೋ ಓಡಾಡೋಕೆ ಶುರುವಾಗುತ್ತೆ, ಅದರ ಕೆಳಗೆ "ಇದೇನು ತಗಡಿನ ಡಬ್ಬಾನಾ, ಹಳೇ ಗಾಡಿಗಳು ಎಷ್ಟು ಗಟ್ಟಿ ಇದ್ವು" ಅನ್ನೋ ಮಾತು ಗ್ಯಾರಂಟಿ ಇರುತ್ತೆ. ಆ ಫೋಟೋನ ಇನ್ನೊಂದ್ಸಲ ನೋಡಿ. ಮೂತಿ ಮಾತ್ರ ನುಗ್ಗಾಗಿದ್ದು, ಅದರ ಹಿಂದಿನ ಕಿಟಕಿಗಳ ಸಾಲು ನೆಟ್ಟಗಿದ್ದು, ಕೋಚ್‌ಗಳು ಒಂದರ ಹಿಂದೆ ಒಂದು ಹಳಿ ಮೇಲೇ ನಿಂತಿದ್ರೆ ಆ ಗಾಡಿ ತನಗೆ ಹೇಳಿದ್ದ ಕೆಲಸ ಮಾಡಿ ಮುಗಿಸಿದೆ ಅಂತ ಲೆಕ್ಕ. ಮೂತಿಗೆ ಒಂದು ಗೀರೂ ಬೀಳದೆ ಮೂರನೇ ಕೋಚ್ ನಡುಮಧ್ಯಕ್ಕೆ ಮಡಚ್ಕೊಂಡಿದ್ರೆ ಆವಾಗ ಹೆದರ್ಕೋಬೇಕು. ರೈಲಿನ ವಿಷಯದಲ್ಲಿ ಗಟ್ಟಿತನ ಬೇರೆ, ಜನರನ್ನ ಉಳಿಸೋದು ಬೇರೆ, ಇದು ನನಗೆ ತುಂಬಾ ಮುಖ್ಯ ಅನ್ಸೋ ವಿಷಯ, ಹಾಗಾಗಿ ಸ್ವಲ್ಪ ಉದ್ದಕ್ಕೇ ಬರೀತೀನಿ.

ಮೊದಲು ಲೆಕ್ಕ ನೋಡೋಣ, ಹೈಸ್ಕೂಲ್ ಫಿಸಿಕ್ಸ್ ಸಾಕು. 200 ಟನ್ ತೂಕದ ಒಂದು ಪ್ಯಾಸೆಂಜರ್ ರೈಲು ಗಂಟೆಗೆ 36 ಕಿಮೀ ವೇಗದಲ್ಲಿ, ಅಂದ್ರೆ ಸೆಕೆಂಡಿಗೆ ಸರಿಯಾಗಿ 10 ಮೀಟರ್ ಸ್ಪೀಡಲ್ಲಿ ಬರ್ತಿದೆ ಅಂತ ಇಟ್ಕೊಳ್ಳಿ. ಅದರ ಚಲನ ಶಕ್ತಿ 10 ಮೆಗಾಜೂಲ್. ಬ್ರೇಕ್ ಹಾಕಿದ್ರೆ ಈ ಶಕ್ತಿ ಬಿಸಿಯಾಗಿ ನಿಧಾನಕ್ಕೆ ಕರಗಿ ಹೋಗುತ್ತೆ, ಏನೂ ತೊಂದ್ರೆ ಇಲ್ಲ. ಡಿಕ್ಕಿಯಲ್ಲಿ ಅದೇ ಶಕ್ತಿ ಸೆಕೆಂಡಿನ ಒಂದು ಚೂರಲ್ಲಿ ಎಲ್ಲಿಗಾದ್ರೂ ಹೋಗ್ಲೇಬೇಕು, ಅದು ಮಾಯ ಆಗಲ್ಲ, ಯಾರೋ ಒಬ್ಬರು ಅದನ್ನ ತಿನ್ಬೇಕು. ಲೋಹ ತಿನ್ನದಿದ್ರೆ ಮನುಷ್ಯರ ಮೈ ತಿನ್ನುತ್ತೆ. ಶಕ್ತಿ ಅಂದ್ರೆ ಬಲ ಗುಣಿಸು ದೂರ, ಹಾಗಾಗಿ ನಿಲ್ಲೋಕೆ ಸಿಗೋ ದೂರ ಕಮ್ಮಿ ಆದಷ್ಟೂ ಬಲ ಏರ್ತಾ ಹೋಗುತ್ತೆ. ಸೆಕೆಂಡಿಗೆ 10 ಮೀಟರ್ ಸ್ಪೀಡಲ್ಲಿದ್ದ ವಸ್ತು 10 ಸೆಂಟಿಮೀಟರ್ ಒಳಗೆ ನಿಂತ್ರೆ ಅದಕ್ಕೆ 50 ಜಿ ಗಿಂತ ಹೆಚ್ಚಿನ ಹೊಡೆತ ಬೀಳುತ್ತೆ, ಅಂದ್ರೆ ಭೂಮಿಯ ಗುರುತ್ವಾಕರ್ಷಣೆಯ 50 ಪಟ್ಟು. ಅದೇ ವಸ್ತು 1 ಮೀಟರ್ ಒಳಗೆ ನಿಂತ್ರೆ ಸುಮಾರು 5 ಜಿ. ಬೇಕಾಗಿರೋದು ಆ ಒಂದು ಮೀಟರ್, ಅದನ್ನ ಎಲ್ಲಿಂದ ತರೋದು ಅನ್ನೋದೇ ಇಡೀ ವಿಷಯ.

ಇಲ್ಲಿ ಒಂದು ಅಂಶ ಎಷ್ಟೋ ಜನ ಗಮನಿಸಿರಲ್ಲ. ರೈಲು ಸಾಮಾನ್ಯವಾಗಿ ಗೋಡೆಗೆ ಗುದ್ದಲ್ಲ, ಇನ್ನೊಂದು ಗಾಡಿಗೆ ಗುದ್ದುತ್ತೆ, ಆ ಇನ್ನೊಂದು ಗಾಡಿ ಕೂಡ ಜರುಗುತ್ತೆ. 200 ಟನ್ ರೈಲು ನಿಂತಿರೋ ಅದೇ ತರದ 200 ಟನ್ ರೈಲಿಗೆ ಹೊಡೀತು ಅಂದ್ಕೊಳ್ಳಿ. ಡಿಕ್ಕಿ ಮುಗಿದಾಗ ಎರಡೂ ಒಟ್ಟಿಗೆ ಅರ್ಧ ಸ್ಪೀಡಲ್ಲಿ, ಸೆಕೆಂಡಿಗೆ 5 ಮೀಟರ್‌ನಲ್ಲಿ ಮುಂದಕ್ಕೆ ಹೋಗ್ತಿರುತ್ತೆ. 10 ಮೆಗಾಜೂಲಲ್ಲಿ 5 ಮೆಗಾಜೂಲ್ ಇನ್ನೂ ಚಲನೆಯಲ್ಲೇ ಉಳ್ಕೊಂಡಿರುತ್ತೆ, ಅದನ್ನ ಬ್ರೇಕು ಹಳಿ ನೋಡ್ಕೊಳ್ಳುತ್ತೆ. ಲೋಹ ತಿನ್ಬೇಕಾಗಿರೋದು ಬಾಕಿ 5, ಎರಡೂ ಗಾಡಿ ಒಂದೇ ಡಿಸೈನ್ ಆಗಿದ್ರೆ ಒಂದೊಂದಕ್ಕೆ ಎರಡೂವರೆ. ಈಗ ಅದೇ ರೈಲು ನಿಂತಿರೋ 80 ಟನ್ನಿನ ಒಂದು ಗೂಡ್ಸ್ ವ್ಯಾಗನ್‌ಗೆ ಹೊಡೆದ್ರೆ? ವ್ಯಾಗನ್ ಹಗುರ, ಬೇಗ ಜರುಗುತ್ತೆ, ಹಾಗಾಗಿ ಕರಗ್ಬೇಕಾದ ಶಕ್ತಿ ಕಮ್ಮಿ, ಸುಮಾರು 2.9 ಮೆಗಾಜೂಲ್. ಕಮ್ಮಿ ಆಯ್ತಲ್ಲ ಅಂತ ಸಮಾಧಾನ ಪಟ್ಕೊಳ್ಳೋ ಹಾಗಿಲ್ಲ, ಯಾಕಂದ್ರೆ ಗೂಡ್ಸ್ ವ್ಯಾಗನ್ ಬಂಡೆ ತರ, ಅದರ ಬಫರ್ ಬಿಟ್ರೆ ಬೇರೇನೂ ಬಗ್ಗಲ್ಲ, ಹೆಚ್ಚುಕಮ್ಮಿ ಪೂರ್ತಿ 2.9 ನಮ್ಮ ಪ್ಯಾಸೆಂಜರ್ ರೈಲೇ ತಿನ್ಬೇಕು. ಅಂದ್ರೆ 200 ಟನ್ ರೈಲಿಗೆ ಗುದ್ದೋದಕ್ಕಿಂತ 80 ಟನ್ ವ್ಯಾಗನ್‌ಗೆ ಗುದ್ದೋದು ನಮ್ಮ ಗಾಡಿಗೆ ಹೆಚ್ಚು ಕಷ್ಟ. ಯುರೋಪಿನ ಈಎನ್ 15227 ಅನ್ನೋ ಸ್ಟ್ಯಾಂಡರ್ಡ್ ಮೇನ್‌ಲೈನ್ ಗಾಡಿಗಳಿಗೆ ಇವೆರಡನ್ನೂ ಬೇರೆಬೇರೆಯಾಗಿ ಪಾಸ್ ಮಾಡ್ಲೇಬೇಕು ಅಂತ ಹೇಳೋದು ಇದಕ್ಕೇ, ಎರಡೂ 36 ಕಿಮೀ ವೇಗದಲ್ಲಿ. ಮೆಟ್ರೋಗೆ 25 ಕಿಮೀ, ಟ್ರಾಮ್‌ಗೆ 15 ಕಿಮೀ.

ಹಳೇ ಕಾಲದ ಯೋಚನೆ ಸಿಂಪಲ್ ಇತ್ತು, ಅಂಡರ್‌ಫ್ರೇಮ್ ಅನ್ನೋ ಕೆಳಗಿನ ಚೌಕಟ್ಟನ್ನ ಸಾಧ್ಯವಾದಷ್ಟು ಗಟ್ಟಿ ಮಾಡೋದು. ಅಮೆರಿಕದಲ್ಲಿ ಇದು ನಿಯಮವೇ ಆಗೋಯ್ತು, ಪ್ಯಾಸೆಂಜರ್ ಕೋಚ್ ಎರಡೂ ತುದಿಯಿಂದ ಅದುಮಿದ್ರೆ 8 ಲಕ್ಷ ಪೌಂಡ್ ಬಲ, ಅಂದ್ರೆ ಸುಮಾರು 3,560 ಕಿಲೋನ್ಯೂಟನ್, ಶಾಶ್ವತವಾಗಿ ಬಗ್ಗದೆ ತಡ್ಕೋಬೇಕು ಅಂತ. ಕೇಳೋಕೆ ಚೆನ್ನಾಗಿದೆ. ಸಮಸ್ಯೆ ಏನಂದ್ರೆ ಎಲ್ಲಾ ಕೋಚೂ ಒಂದೇ ಸಮ ಗಟ್ಟಿ ಇದ್ದಾಗ, ಆ ಮಿತಿ ದಾಟಿದ ಕ್ಷಣದಲ್ಲಿ ಯಾವುದು ಮೊದಲು ಸೋಲುತ್ತೆ, ಹೇಗೆ ಸೋಲುತ್ತೆ ಅನ್ನೋದು ಯಾರ ಕೈಲೂ ಇರಲ್ಲ. ಅಷ್ಟೇ ಅಲ್ಲ, ಒಂದ್ಸಲ ಒಂದು ಕೋಚಿನ ತುದಿ ಸೋತ್ರೆ ಅದು ಇನ್ನೂ ಮೆತ್ತಗಾಗುತ್ತೆ, ಮುಂದಿನ ಹೊಡೆತ ಎಲ್ಲಾ ಅಲ್ಲೇ ಬೀಳುತ್ತೆ, ಹಿಂದಿನ ಕೋಚ್‌ಗಳು ಆರಾಮಾಗಿರುತ್ತೆ, ಮುಂದಿನದು ಒಂದೇ ಕುಸಿದು ಹೋಗುತ್ತೆ.

ಇದಕ್ಕಿಂತ ಭಯಂಕರವಾದದ್ದು ಒಂದು ಕೋಚ್ ಇನ್ನೊಂದರ ಮೇಲೆ ಹತ್ತಿಕೊಳ್ಳೋದು. ಎರಡು ಕೋಚ್‌ಗಳ ತುದಿ ಗುದ್ದಿದಾಗ ಒಂದು ಸ್ವಲ್ಪ ಮೇಲೆ ಒಂದು ಸ್ವಲ್ಪ ಕೆಳಗೆ ಇದ್ರೆ, ಬ್ರೇಕ್ ಹಾಕಿದಾಗ ಮೂತಿ ಬಗ್ಗಿರೋದು, ಚಕ್ರ ಸವೆದಿರೋದು, ಜನ ತುಂಬಿ ಸ್ಪ್ರಿಂಗ್ ಇಳಿದಿರೋದು, ಹೀಗೆ ಏನೋ ಒಂದು ಕಾರಣಕ್ಕೆ ಆ ವ್ಯತ್ಯಾಸ ಯಾವಾಗ್ಲೂ ಇದ್ದೇ ಇರುತ್ತೆ, ಆ ಬಲ ಕೋಚಿನ ತುದಿಯನ್ನ ಮೇಲಕ್ಕೆ ಎತ್ತೋಕೆ ಶುರು ಮಾಡುತ್ತೆ. ಮೇಲೆದ್ದ ಕೋಚಿನ ಅಂಡರ್‌ಫ್ರೇಮ್, ಅದೇ ಗಟ್ಟಿಮುಟ್ಟಾದ ಉಕ್ಕಿನ ಚೌಕಟ್ಟು, ಎದುರಿನ ಕೋಚಿನ ಅಂಡರ್‌ಫ್ರೇಮ್ ಮೇಲಕ್ಕೆ ಜಾರಿ ಜನ ಕೂತಿರೋ ಜಾಗಕ್ಕೆ ನುಗ್ಗುತ್ತೆ. ಅಲ್ಲಿರೋದು ತೆಳು ಪಕ್ಕದ ಗೋಡೆ, ಕಿಟಕಿ, ಸೀಟು. ಒಂದು ಕೋಚ್ ಇನ್ನೊಂದರ ಒಳಗೆ ಹೋಗೋ ಇದನ್ನೇ ಟೆಲಿಸ್ಕೋಪಿಂಗ್ ಅನ್ನೋದು. ರೈಲು ಅಪಘಾತಗಳ ಇತಿಹಾಸದಲ್ಲಿ ಒಂದೇ ಕೋಚಲ್ಲಿ ಹತ್ತಾರು ಜನ ಸತ್ತಿರೋ ಎಷ್ಟೋ ಘಟನೆಗಳ ಹಿಂದೆ ಇದೇ ಇದೆ, ಅಂಡರ್‌ಫ್ರೇಮನ್ನ ಗಟ್ಟಿ ಮಾಡಿದಷ್ಟೂ ಆ ಚಾಕು ಇನ್ನಷ್ಟು ಗಟ್ಟಿ ಆಗ್ತಾ ಹೋಯ್ತು ಅನ್ನೋದೇ ದುಃಖದ ವಿಷಯ.

ಅಮೆರಿಕದವರು ಇದನ್ನ ಕಾಗದದ ಮೇಲೆ ಬಿಡದೆ ನಿಜವಾದ ರೈಲುಗಳನ್ನ ಗುದ್ದಿಸಿ ನೋಡಿದ್ರು. ಕೊಲರಾಡೋದ ಪ್ವೆಬ್ಲೋ ಹತ್ರ ಇರೋ ಟೆಸ್ಟ್ ಟ್ರ್ಯಾಕಲ್ಲಿ, ರೈಲು ಸುರಕ್ಷತೆ ನೋಡ್ಕೊಳ್ಳೋ ಸರ್ಕಾರಿ ಸಂಸ್ಥೆ ಫೆಡರಲ್ ರೈಲ್‌ರೋಡ್ ಅಡ್ಮಿನಿಸ್ಟ್ರೇಶನ್ ಪರವಾಗಿ, ಅಲ್ಲಿನ ಸಾರಿಗೆ ಇಲಾಖೆಯ ಸಂಶೋಧನಾ ಕೇಂದ್ರವಾದ ವೋಲ್ಪೆ ಸೆಂಟರ್‌ನ ಇಂಜಿನಿಯರ್‌ಗಳು ಪ್ಲ್ಯಾನ್ ಮಾಡಿ ನಡೆಸಿದ ಸರಣಿ ಇದು. 2002ರಲ್ಲಿ ಮಾಮೂಲಿ ಕೋಚ್‌ಗಳ ಒಂದು ರೈಲನ್ನ, ಡ್ರೈವರ್ ಕ್ಯಾಬಿನ್ ಇರೋ ಪ್ಯಾಸೆಂಜರ್ ಕೋಚೇ ಮುಂದೆ ಇರೋ ಹಾಗೆ, ಗಂಟೆಗೆ ಸುಮಾರು 48 ಕಿಮೀ ವೇಗದಲ್ಲಿ ನಿಂತಿದ್ದ ಲೋಕೋಮೋಟಿವ್‌ಗೆ ಗುದ್ದಿಸಿದ್ರು. ಮುಂದಿನ ಕೋಚ್ ಲೋಕೋ ಮೇಲಕ್ಕೆ ಹತ್ತಿತು, ಆ ಕೋಚಿನ ಸುಮಾರು 22 ಅಡಿ ಉದ್ದ, ಡ್ರೈವರ್ ಜಾಗ ಪ್ಲಸ್ ಅದರ ಹಿಂದೆ ಪ್ಯಾಸೆಂಜರ್ ಕೂರೋ ಸಾಲುಗಳು, ಪೂರ್ತಿ ನಾಶ ಆಯ್ತು. ಹಿಂದಿನ ಕೋಚ್‌ಗಳಿಗೆ ಹೇಳ್ಕೊಳ್ಳೋ ಅಂಥದ್ದೇನೂ ಆಗಿರಲಿಲ್ಲ. 2006ರಲ್ಲಿ ಹೆಚ್ಚುಕಮ್ಮಿ ಅದೇ ಸ್ಪೀಡು, ಅದೇ ತರದ ಡಿಕ್ಕಿ, ಈ ಸಲ ಕೋಚ್‌ಗಳ ತುದಿಗಳಿಗೆ ಶಕ್ತಿ ಹೀರೋ ಭಾಗಗಳನ್ನ ಕೂರಿಸಿದ್ರು, ಹಿಂದಕ್ಕೆ ಜರುಗೋ ಕಪ್ಲರ್ (ಗಾಡಿಗಳನ್ನ ಒಂದಕ್ಕೊಂದು ಜೋಡಿಸೋ ಕೊಂಡಿ), ನೆಲದ ಮಟ್ಟದಲ್ಲಿ ಒಂದು ಜೋಡಿ ಮತ್ತು ಛಾವಣಿ ಮಟ್ಟದಲ್ಲಿ ಇನ್ನೊಂದಷ್ಟು ಅಬ್ಸಾರ್ಬರ್, ಡ್ರೈವರ್ ಕ್ಯಾಬಿನ್ ಇಡೀದಾಗಿ ಹಿಂದಕ್ಕೆ ಸರಿಯೋ ವ್ಯವಸ್ಥೆ. ಯಾವ ಕೋಚೂ ಹತ್ತಲಿಲ್ಲ, ಗಾಡಿ ಸಾಲಲ್ಲೇ ನಿಂತಿತು, ಜನ ಕೂರೋ ಜಾಗ ಪೂರ್ತಿ ಉಳೀತು. ಹಾನಿ ಮಾಯ ಆಗಿರಲಿಲ್ಲ, ಅದು ಒಂದೇ ಕೋಚಿನ ಬದಲು ಹಲವು ಕೋಚ್‌ಗಳ ಖಾಲಿ ತುದಿಗಳಿಗೆ ಹಂಚಿ ಹೋಗಿತ್ತು. ನನ್ನ ಪ್ರಕಾರ ಈ ಎರಡು ಟೆಸ್ಟ್‌ಗಳ ಫಲಿತಾಂಶ ಪಕ್ಕಪಕ್ಕ ಇಟ್ಟು ನೋಡಿದ್ರೆ ವಾದಕ್ಕೆ ಜಾಗಾನೇ ಉಳಿಯಲ್ಲ.

ಸರಿ, ಈಗ ಒಂದು ಮಾಡರ್ನ್ ರೈಲಿನ ಮೂತಿ ಒಳಗೆ ಏನಾಗುತ್ತೆ ಅಂತ ನಿಧಾನಕ್ಕೆ ನೋಡೋಣ. 36 ಕಿಮೀ ಸ್ಪೀಡಲ್ಲಿ ಎರಡು ಮೂತಿಗಳು ಮಿಲಿಸೆಕೆಂಡಿಗೆ 1 ಸೆಂಟಿಮೀಟರ್ ಲೆಕ್ಕದಲ್ಲಿ ಹತ್ರ ಬರುತ್ತೆ, ಇದೊಂದು ನೆನಪಲ್ಲಿರ್ಲಿ. ಮೊದಲು ತಾಗೋದು ಮಧ್ಯದ ಆಟೋಮ್ಯಾಟಿಕ್ ಕಪ್ಲರ್. ಅದರ ಹಿಂದೆ ರಬ್ಬರ್ ಪ್ಯಾಡ್ ಅಥವಾ ಗ್ಯಾಸ್-ಹೈಡ್ರಾಲಿಕ್ ಸಿಲಿಂಡರ್ ಇರುತ್ತೆ, ಅದು ಒತ್ತಿಸ್ಕೊಂಡು ಮತ್ತೆ ವಾಪಸ್ ಬರೋ ಭಾಗ. ಯಾರ್ಡಲ್ಲಿ ಎರಡು ಗಾಡಿ ಜೋಡಿಸುವಾಗ ಸ್ವಲ್ಪ ಜೋರಾಗಿ ತಾಗಿದ್ರೆ ಕೆಲಸ ಇಲ್ಲಿಗೇ ಮುಗಿಯುತ್ತೆ, ಏನೂ ಹಾಳಾಗಲ್ಲ. ಇನ್ನೂ ಜೋರಾದ್ರೆ ಅದರ ಹಿಂದಿನ ಡಿಫಾರ್ಮೇಶನ್ ಟ್ಯೂಬ್ ಕೆಲಸ ಶುರು ಮಾಡುತ್ತೆ. ಇದು ಒಂದು ದಪ್ಪ ಉಕ್ಕಿನ ಕೊಳವೆ, ಅದರ ಬಾಯಿಗೆ ಶಂಕುವಿನ ಆಕಾರದ ಒಂದು ಗಟ್ಟಿ ಲೋಹದ ತುಂಡು ಕೂತಿರುತ್ತೆ, ಒತ್ತಡ ಬಂದಾಗ ಆ ತುಂಡು ಕೊಳವೆ ಒಳಗೆ ನುಗ್ಗುತ್ತಾ ಕೊಳವೆಯನ್ನ ಅಗಲ ಮಾಡ್ಕೊಂಡು ಹೋಗುತ್ತೆ. ಕೊಳವೆ ದಪ್ಪ ಉದ್ದಕ್ಕೂ ಒಂದೇ ಇರೋದ್ರಿಂದ ತಡೆಯೋ ಬಲವೂ ಮೊದಲಿಂದ ಕೊನೇವರೆಗೂ ಹೆಚ್ಚುಕಮ್ಮಿ ಒಂದೇ ಇರುತ್ತೆ. ಅದೇ ಇದರ ಚೆಂದ, ಯಾಕಂದ್ರೆ ಕೊಟ್ಟಿರೋ ದೂರದಲ್ಲಿ ಜಾಸ್ತಿ ಶಕ್ತಿ ತಿನ್ಬೇಕು ಆದ್ರೆ ಬಲ ಒಂದು ಮಿತಿ ದಾಟಬಾರ್ದು ಅಂದ್ರೆ ಬಲದ ಗ್ರಾಫ್ ಮೇಜಿನ ಹಾಗೆ ಚಪ್ಪಟೆ ಇರ್ಬೇಕು, ಬೆಟ್ಟ ಕಣಿವೆ ತರ ಇದ್ರೆ ಕಣಿವೆಯಲ್ಲಿ ದೂರ ವೇಸ್ಟು, ಬೆಟ್ಟದಲ್ಲಿ ಏಟು ಜಾಸ್ತಿ.

ಟ್ಯೂಬಿನ ದೂರ ಮುಗಿದ ಮೇಲೆ ಕಪ್ಲರ್ ಅಲ್ಲೇ ಕೂತ್ರೆ ಅಪಾಯ, ಅದು ಒಂದು ಉಕ್ಕಿನ ಕಂಬದ ತರ ಇಡೀ ಹೊಡೆತವನ್ನ ಅಂಡರ್‌ಫ್ರೇಮ್ ಮಧ್ಯಕ್ಕೆ ತಲುಪಿಸಿಬಿಡುತ್ತೆ. ಅದಕ್ಕೆ ಕಪ್ಲರನ್ನ ಹಿಡಿದಿರೋ ಬೋಲ್ಟ್‌ಗಳನ್ನ ಒಂದು ನಿರ್ದಿಷ್ಟ ಬಲಕ್ಕೆ ಕತ್ತರಿಸಿ ಹೋಗೋ ಹಾಗೇ ಮಾಡಿರ್ತಾರೆ, ಬೋಲ್ಟ್ ಮುರಿದ ತಕ್ಷಣ ಇಡೀ ಕಪ್ಲರ್ ಅಂಡರ್‌ಫ್ರೇಮ್ ಕೆಳಗಿನ ಖಾಲಿ ಜಾಗಕ್ಕೆ ಹಿಂದೆ ಜಾರುತ್ತೆ. ಈಗ ಎರಡೂ ಗಾಡಿಗಳ ಆ್ಯಂಟಿ-ಕ್ಲೈಂಬರ್‌ಗಳು ತಾಗುತ್ತೆ. ನೋಡೋಕೆ ಏನೂ ವಿಶೇಷ ಇಲ್ಲದ ದಪ್ಪ ತಟ್ಟೆಗಳು, ಮೇಲೆ ಅಡ್ಡಡ್ಡ ಹಲ್ಲುಗಳು. ಎದುರಿನ ಗಾಡಿಯ ಹಲ್ಲಿಗೆ ಈ ಗಾಡಿಯ ಹಲ್ಲು ಸಿಕ್ಕಿಹಾಕ್ಕೊಂಡ್ರೆ ಮೇಲಕ್ಕೂ ಕೆಳಕ್ಕೂ ಜಾರೋಕಾಗಲ್ಲ, ಹತ್ತಿಕೊಳ್ಳೋ ಕಥೆ ಅಲ್ಲಿಗೆ ಕಟ್. ಈಎನ್ 15227 ಟೆಸ್ಟ್ ಮಾಡುವಾಗ ಎರಡು ರೈಲುಗಳನ್ನ ಬೇಕಂತಲೇ 40 ಮಿಲಿಮೀಟರ್ ಎತ್ತರ ವ್ಯತ್ಯಾಸದಲ್ಲಿ ಇಟ್ಟು ಗುದ್ದಿಸಿ ನೋಡ್ಬೇಕು ಅನ್ನುತ್ತೆ, ಎಲ್ಲಾ ಸರಿಯಾಗಿ ಜೋಡಿಯಾಗಿರೋ ಡಿಕ್ಕಿ ನಿಜ ಜೀವನದಲ್ಲಿ ಸಿಗಲ್ಲ ಅನ್ನೋದು ಬರೆದವರಿಗೆ ಗೊತ್ತಿತ್ತು.

ಆ ಹಲ್ಲಿನ ತಟ್ಟೆಗಳ ಹಿಂದೆ ಇರೋದು ಕ್ರ್ಯಾಶ್ ಬಾಕ್ಸ್, ಶಕ್ತಿಯ ದೊಡ್ಡ ಪಾಲು ತಿನ್ನೋದು ಇದೇ. ತೆಳು ಗೋಡೆಯ ಚೌಕ ಅಥವಾ ದುಂಡು ಕೊಳವೆಯನ್ನ ಉದ್ದಕ್ಕೆ ಒತ್ತಿದ್ರೆ ಮೊದಲು ಏನೂ ಆಗಲ್ಲ, ಬಲ ಸೀದಾ ಏರ್ತಾ ಏರ್ತಾ ಒಂದು ಚೂಪಾದ ಶಿಖರಕ್ಕೆ ಹೋಗುತ್ತೆ, ಆಮೇಲೆ ತುದಿ ಹತ್ರ ಗೋಡೆ ಪಕ್ಕಂತ ಬಗ್ಗಿ ಮೊದಲ ನೆರಿಗೆ ಬೀಳುತ್ತೆ, ಬಲ ಕೆಳಗಿಳಿಯುತ್ತೆ, ಆ ನೆರಿಗೆ ಪೂರ್ತಿ ಮಡಚಿ ಒಂದರ ಮೇಲೊಂದು ಕೂತಾಗ ಬಲ ಮತ್ತೆ ಸ್ವಲ್ಪ ಏರಿ ಎರಡನೇ ನೆರಿಗೆ ಶುರು. ಹೀಗೆ ನೆರಿಗೆ ನೆರಿಗೆಯಾಗಿ ಕೊಳವೆ ತನ್ನನ್ನ ತಾನೇ ತಿಂದ್ಕೊಳ್ಳುತ್ತೆ, ಒಂದೊಂದು ನೆರಿಗೆಯಲ್ಲೂ ಉಕ್ಕು ಬಗ್ಗಿ ಬಿಸಿಯಾಗಿ ಶಕ್ತಿ ಕರಗಿಸ್ತಾ ಹೋಗುತ್ತೆ. 1960ರಲ್ಲಿ ಜೆ. ಎಂ. ಅಲೆಕ್ಸಾಂಡರ್ ಅನ್ನೋರು ದುಂಡು ಕೊಳವೆ ಹೀಗೆ ಮಡಿಯೋವಾಗಿನ ಸರಾಸರಿ ಬಲಕ್ಕೆ ಒಂದು ಸರಳ ಸೂತ್ರ ಕೊಟ್ರು, ಅದರಲ್ಲಿ ಬಲ ಗೋಡೆ ದಪ್ಪದ ಒಂದೂವರೆ ಘಾತದ ಲೆಕ್ಕದಲ್ಲಿ ಏರುತ್ತೆ, ಅಂದ್ರೆ ದಪ್ಪ ಡಬಲ್ ಮಾಡಿದ್ರೆ ಬಲ 2.8 ಪಟ್ಟು. ದಪ್ಪದಲ್ಲಿ ಚೂರು ಹೆಚ್ಚುಕಮ್ಮಿ ಆದ್ರೂ ಬಲ ಎಷ್ಟು ಬದಲಾಗುತ್ತೆ ಅನ್ನೋದು ಇದರಿಂದಲೇ ಗೊತ್ತಾಗುತ್ತೆ, ಫ್ಯಾಕ್ಟರಿಯಲ್ಲಿ ಶೀಟ್ ದಪ್ಪ ಯಾಕಷ್ಟು ಕಟ್ಟುನಿಟ್ಟಾಗಿ ಅಳೀತಾರೆ ಅನ್ನೋದೂ.

ಆ ಮೊದಲ ಶಿಖರ ತೊಂದರೆ ಕೊಡೋದು, ಅದೊಂದು ಕ್ಷಣದ ಹೊಡೆತ ಹಿಂದಿನ ಚೌಕಟ್ಟನ್ನೇ ಬಗ್ಗಿಸಬಹುದು. ಅದಕ್ಕೆ ಕೊಳವೆಯ ಮುಂದಿನ ತುದಿಯಲ್ಲಿ ಬೇಕಂತಲೇ ಒಂದು ತಗ್ಗು, ರಂಧ್ರ ಅಥವಾ ಸಣ್ಣ ಮಡಿಕೆ ಮಾಡಿ ಅದನ್ನ ದುರ್ಬಲ ಮಾಡಿರ್ತಾರೆ, ಟ್ರಿಗರ್ ಅಂತಾರೆ. ನೆರಿಗೆ ಎಲ್ಲಿಂದ ಶುರುವಾಗ್ಬೇಕು ಅಂತ ಲೋಹಕ್ಕೆ ಮೊದಲೇ ಹೇಳಿಟ್ಟ ಹಾಗೆ. ಕೊಳವೆ ತುಂಬಾ ಉದ್ದ ಸಣ್ಣ ಇದ್ರೆ ನೆರಿಗೆ ಬೀಳೋ ಬದಲು ನಡುವಲ್ಲಿ ಕೋಲಿನ ತರ ಬಗ್ಗಿ ಪಕ್ಕಕ್ಕೆ ಹೋಗುತ್ತೆ, ಆವಾಗ ತಿನ್ನೋ ಶಕ್ತಿ ಏನೇನೂ ಅಲ್ಲ. ಓರೆಯಾಗಿ ಹೊಡೆತ ಬಿದ್ರೂ ಅದೇ ಗತಿ, ಹಾಗಾಗಿ ಒಳಗೆ ಗೈಡ್ ಹಾಕಿ ನೆಟ್ಟಗೇ ಹಿಂದಕ್ಕೆ ಸರಿಯೋ ಹಾಗೆ ಹಿಡಿದಿರ್ತಾರೆ. ಇನ್ನು ನೆರಿಗೆಗಳೆಲ್ಲಾ ಮುಗಿದು ಲೋಹ ಗಟ್ಟಿ ಗಂಟಾದಾಗ ಬಲ ಮತ್ತೆ ಆಕಾಶಕ್ಕೆ ಏರುತ್ತೆ, ಹಾಗಾಗಿ 1 ಮೀಟರ್ ಉದ್ದದ ಬಾಕ್ಸ್ ಇಟ್ರೆ 1 ಮೀಟರ್ ಪೂರ್ತಿ ಸಿಗಲ್ಲ, ಮುಕ್ಕಾಲು ಭಾಗದ ಆಸುಪಾಸು ಅಷ್ಟೇ ಉಪಯೋಗಕ್ಕೆ ಬರೋದು.

ನೆರಿಗೆ ಬೀಳೋ ಕೊಳವೆ ಬಿಟ್ಟು ಬೇರೆ ದಾರಿಗಳೂ ಇವೆ. ಜೇನುಗೂಡಿನ ತರ ಇರೋ ಅಲ್ಯೂಮಿನಿಯಂ ಹನಿಕೋಂಬ್ ಒಂದು, ಸಾವಿರಾರು ಸಣ್ಣ ಗೂಡುಗಳು ಒಟ್ಟಿಗೆ ಮಡಿಯೋದ್ರಿಂದ ಬಲದ ಗ್ರಾಫ್ ತುಂಬಾ ಚಪ್ಪಟೆ. ಲೋಹವನ್ನ ಸುರುಳಿ ಸುರುಳಿಯಾಗಿ ಹೆರೆಯೋ ಬ್ಲೇಡ್ ಇರೋ ಅಬ್ಸಾರ್ಬರ್ ಇನ್ನೊಂದು. ಗ್ಲಾಸ್ ಫೈಬರ್, ಕಾರ್ಬನ್ ಫೈಬರ್ ಕೊಳವೆಗಳು ಮಡಿಯಲ್ಲ, ತುದಿಯಿಂದ ಪುಡಿಪುಡಿಯಾಗ್ತಾ ಹೋಗುತ್ತೆ, ಒಂದು ಕೆಜಿಗೆ ತಿನ್ನೋ ಶಕ್ತಿಯಲ್ಲಿ ಉಕ್ಕಿಗಿಂತ ಎಷ್ಟೋ ಮುಂದೆ, ಆದ್ರೆ ಓರೆ ಹೊಡೆತಕ್ಕೆ ಪಟ್ ಅಂತ ಮುರಿದ್ರೆ ಮುಗೀತು.

ಇಷ್ಟೆಲ್ಲಾ ಭಾಗಗಳನ್ನ ಜೋಡಿಸೋವಾಗ ನಿಜವಾದ ಕಸರತ್ತು ಇರೋದು ಸರದಿಯಲ್ಲಿ. ಕಪ್ಲರ್ ಟ್ಯೂಬಿನ ಬಲಕ್ಕಿಂತ ಶಿಯರ್ ಬೋಲ್ಟಿನ ಬಲ ಹೆಚ್ಚಿರ್ಬೇಕು, ಇಲ್ಲಾಂದ್ರೆ ಟ್ಯೂಬ್ ಕೆಲಸ ಮಾಡೋಕೆ ಮೊದಲೇ ಬೋಲ್ಟ್ ಕತ್ತರಿಸಿ ಹೋಗುತ್ತೆ. ಕ್ರ್ಯಾಶ್ ಬಾಕ್ಸ್ ಮಡಿಯೋ ಬಲ, ಅದರ ಹಿಂದಿರೋ ಚೌಕಟ್ಟು ಬಗ್ಗೋ ಬಲಕ್ಕಿಂತ ಕಮ್ಮಿ ಇರ್ಬೇಕು, ಚೌಕಟ್ಟಿನ ಬಲ ಜನ ಕೂರೋ ಭಾಗ ಕುಸಿಯೋ ಬಲಕ್ಕಿಂತ ಕಮ್ಮಿ. ಯುರೋಪಿನ ಈಎನ್ 12663 ಪ್ರಕಾರ ಬೇರ್ಪಡಿಸದ ಸೆಟ್ ರೈಲುಗಳ ಬಾಡಿ ಉದ್ದಕ್ಕೆ 1,500 ಕಿಲೋನ್ಯೂಟನ್, ಲೋಕೋಮೋಟಿವ್ ಮತ್ತು ಬಿಡಿ ಕೋಚ್‌ಗಳು 2,000 ಕಿಲೋನ್ಯೂಟನ್ ತಡ್ಕೋಬೇಕು, ಅಮೆರಿಕದ 3,560ಕ್ಕಿಂತ ಎಷ್ಟೋ ಕಮ್ಮಿ, ಆದ್ರೂ ಯುರೋಪಿನ ಗಾಡಿ ಜನರನ್ನ ಉಳಿಸೋದು ಈ ಸರದಿಯಿಂದ. ಮತ್ತೆ ಮೂತಿಗೆ ಮಾತ್ರ ಇದನ್ನ ಮಾಡಿದ್ರೆ ಸಾಲದು. ಮುಂದಿನ ಕೋಚ್ ನಿಧಾನ ಆದಾಗ ಹಿಂದಿನ ಕೋಚ್ ತನ್ನ ಪೂರ್ತಿ ತೂಕದಲ್ಲಿ ಅದರ ಬೆನ್ನಿಗೆ ಗುದ್ದುತ್ತೆ, ಅದರ ಹಿಂದಿನದು ಅದಕ್ಕೆ, ಈ ಅಲೆ ಕೊನೇ ಕೋಚಿನವರೆಗೂ ಓಡುತ್ತೆ. ಹಾಗಾಗಿ ಕೋಚು ಕೋಚಿನ ನಡುವೆಯೂ ಟ್ಯೂಬು, ಆ್ಯಂಟಿ-ಕ್ಲೈಂಬರು ಬೇಕು, ಅಲ್ಲೂ ಸ್ವಲ್ಪ ಸ್ವಲ್ಪ ಶಕ್ತಿ ಕರಗಿದ್ರೆ ಮುಂದಿನ ಮೂತಿಗೆ ಹೊರೆ ಇಳಿಯುತ್ತೆ, ಸಾಲು ಅಂಕುಡೊಂಕಾಗಿ ಹಳಿಯಿಂದ ಆಚೆ ಹೋಗೋದೂ ಕಮ್ಮಿ ಆಗುತ್ತೆ.

ಲೆವೆಲ್ ಕ್ರಾಸಿಂಗಲ್ಲಿ ಲಾರಿ ಸಿಕ್ಕಿಹಾಕ್ಕೊಂಡಿರೋದು ಪೂರ್ತಿ ಬೇರೆ ಸಮಸ್ಯೆ. ಲಾರಿಗೆ ಕಪ್ಲರ್ ಇಲ್ಲ, ಆ್ಯಂಟಿ-ಕ್ಲೈಂಬರ್ ಹಿಡಿಯೋಕೆ ಏನೂ ಇಲ್ಲ, ಅದರ ಲೋಡು ಇರೋದು ಅಂಡರ್‌ಫ್ರೇಮಿಗಿಂತ ಮೇಲೆ, ಸೀದಾ ಡ್ರೈವರ್ ಎದೆ ಮಟ್ಟಕ್ಕೆ. 1988ರ ಸೆಪ್ಟೆಂಬರಲ್ಲಿ ಫ್ರಾನ್ಸಿನ ವ್ವಾರೋನ್ ಹತ್ರ ಒಂದು ಟಿಜಿವಿ, ಅಂದ್ರೆ ಅಲ್ಲಿನ ಹೈಸ್ಪೀಡ್ ರೈಲು, ಕ್ರಾಸಿಂಗಲ್ಲಿ ನಿಂತಿದ್ದ ಲಾರಿಗೆ ಹೊಡೀತು, ಲಾರಿ ಮೇಲೆ ಇದ್ದಿದ್ದು 100 ಟನ್ನಿನ ಟ್ರಾನ್ಸ್‌ಫಾರ್ಮರ್, ಡ್ರೈವರ್ ಮತ್ತು ಒಬ್ಬ ಪ್ರಯಾಣಿಕ ತೀರ್ಕೊಂಡ್ರು. ಈಗಿನ ಸ್ಟ್ಯಾಂಡರ್ಡಲ್ಲಿ 15 ಟನ್ನಿನ, ಬಗ್ಗಬಲ್ಲ ಒಂದು ದೊಡ್ಡ ಅಡ್ಡಿಗೆ ಗಂಟೆಗೆ 110 ಕಿಮೀವರೆಗಿನ ಸ್ಪೀಡಲ್ಲಿ ಗುದ್ದೋ ಲೆಕ್ಕ ಸೇರಿದೆ. ನಮ್ಮ 200 ಟನ್ ರೈಲಿಗೆ ಲೆಕ್ಕ ಹಾಕಿದ್ರೆ ಸುಮಾರು 6.5 ಮೆಗಾಜೂಲ್ ಕರಗ್ಬೇಕು, ಒಂದಷ್ಟು ಪಾಲು ಲಾರಿಯೇ ತಿನ್ನುತ್ತೆ. ಇದಕ್ಕೋಸ್ಕರ ಡ್ರೈವರ್ ಸುತ್ತ ಗಟ್ಟಿ ಕಂಬಗಳ ಒಂದು ಪಂಜರ, ವಿಂಡ್‌ಶೀಲ್ಡ್ ಕೆಳಗೆ ಅಡ್ಡ ತೊಲೆ, ಅವನ ಮುಂದೆ ಮೇಲಿನ ಮಟ್ಟದಲ್ಲೂ ಅಬ್ಸಾರ್ಬರ್. ಡ್ರೈವರ್ ಇಡೀ ಗಾಡಿಯಲ್ಲಿ ಎಲ್ಲರಿಗಿಂತ ಮುಂದೆ ಕೂತಿರೋ ಮನುಷ್ಯ, ತುಂಬಾ ವರ್ಷ ಅವನ ಬಗ್ಗೆ ಡಿಸೈನಲ್ಲಿ ಯಾರೂ ಅಷ್ಟಾಗಿ ತಲೆ ಕೆಡಿಸ್ಕೊಂಡಿರಲಿಲ್ಲ ಅನ್ನೋದು ನನಗೆ ಈಗ್ಲೂ ಬೇಜಾರಾಗೋ ವಿಷಯ.

ಚಿಕ್ಕ ಅಡ್ಡಿಯನ್ನೂ ಹಗುರಾಗಿ ತಗೊಳ್ಳೋ ಹಾಗಿಲ್ಲ. 1984ರಲ್ಲಿ ಸ್ಕಾಟ್ಲೆಂಡಿನ ಪೋಲ್ಮಾಂಟ್ ಹತ್ರ ಎಡಿನ್‌ಬರೋ–ಗ್ಲಾಸ್ಗೋ ಎಕ್ಸ್‌ಪ್ರೆಸ್ ಹಳಿ ಮೇಲಿದ್ದ ಒಂದು ಹಸುವಿಗೆ ಹೊಡೀತು, ಲೋಕೋ ಹಿಂದಿನಿಂದ ತಳ್ತಿತ್ತು, ಮುಂದೆ ಇದ್ದಿದ್ದು ಹಗುರಾದ ಕೋಚ್, ಅದರ ಚಕ್ರದ ಕೆಳಗೆ ಸಿಕ್ಕಿ ಗಾಡಿ ಹಳಿ ತಪ್ಪಿ 13 ಜನ ಸತ್ರು. ಅದಾದ ಮೇಲೆ ಬ್ರಿಟಿಷ್ ರೈಲ್ ಅಂಥ ಕೋಚ್‌ಗಳ ಮುಂದೆ ಹಳಿ ಮೇಲಿನ ಅಡ್ಡಿಯನ್ನ ಪಕ್ಕಕ್ಕೆ ತಳ್ಳೋ ಡಿಫ್ಲೆಕ್ಟರ್ ಹಾಕ್ತು. ಈಗ 160 ಕಿಮೀ ಮತ್ತು ಅದಕ್ಕಿಂತ ಜೋರಾಗಿ ಓಡೋ ಗಾಡಿಗಳ ಡಿಫ್ಲೆಕ್ಟರ್ ಮಧ್ಯದಲ್ಲಿ 300 ಕಿಲೋನ್ಯೂಟನ್ ತಡ್ಕೋಬೇಕು.

ಇನ್ನು ಒಳಗೆ ಕೂತಿರೋರ ವಿಷಯ. ಗಾಡಿ ನಿಂತ್ರೂ ಸೀಟಲ್ಲಿ ಕೂತಿರೋ ಮನುಷ್ಯ ನಿಲ್ಲಲ್ಲ, ಅವನು ಹಳೇ ಸ್ಪೀಡಲ್ಲೇ ಮುಂದಕ್ಕೆ ಹೋಗ್ತಾ ಎದುರಿನ ಸೀಟಿಗೆ ಹೊಡ್ಕೋತಾನೆ. ಇದು ಎರಡನೇ ಡಿಕ್ಕಿ. ಮೇಲಿನ ಎರಡು ಸಮ ರೈಲುಗಳ ಉದಾಹರಣೆಯಲ್ಲಿ ಗಾಡಿ ಕಳ್ಕೊಳ್ಳೋ ಸ್ಪೀಡು ಸೆಕೆಂಡಿಗೆ 5 ಮೀಟರ್. ಎದುರಿನ ಸೀಟು 60 ಸೆಂಟಿಮೀಟರ್ ದೂರ ಇದ್ದು ಕೋಚ್ 5 ಜಿ ಲೆಕ್ಕದಲ್ಲಿ ನಿಧಾನ ಆದ್ರೆ ಅವನು ಸೀಟಿಗೆ ತಾಗೋ ಹೊತ್ತಿಗೆ ಸ್ಪೀಡಲ್ಲಿ ಪೂರ್ತಿ ಸೆಕೆಂಡಿಗೆ 5 ಮೀಟರ್ ವ್ಯತ್ಯಾಸ ಆಗಿಬಿಟ್ಟಿರುತ್ತೆ, ಗಂಟೆಗೆ 18 ಕಿಮೀ ಸ್ಪೀಡಲ್ಲಿ ಮುಖ ಹೋಗಿ ಬಡಿಯುತ್ತೆ. ಅದೇ ಕೋಚ್ 1 ಜಿ ಲೆಕ್ಕದಲ್ಲಿ ನಿಧಾನ ಆದ್ರೆ ಸುಮಾರು 12 ಕಿಮೀ. ಹಿಂದಿನ ಕೋಚಲ್ಲಿರೋರಿಗೆ ಪೆಟ್ಟು ಕಮ್ಮಿ ಆಗೋದು ಹೀಗೆ, ಮುಂದಿನ ಟ್ಯೂಬು ಬಾಕ್ಸುಗಳೆಲ್ಲಾ ಆ ನಿಧಾನ ಆಗೋ ಸಮಯವನ್ನ ಎಳೆದು ಉದ್ದ ಮಾಡಿರುತ್ತೆ. ಸ್ಟ್ಯಾಂಡರ್ಡಲ್ಲಿ ಮೊದಲೆರಡು ತರದ ಡಿಕ್ಕಿಗೆ ಸರಾಸರಿ 5 ಜಿ, ಲಾರಿ ಡಿಕ್ಕಿಗೆ 7.5 ಜಿ ಮಿತಿ ಹಾಕಿರೋದೂ, ಜನ ಕೂರೋ ಜಾಗ ಪ್ರತಿ 5 ಮೀಟರ್ ಉದ್ದಕ್ಕೆ 50 ಮಿಲಿಮೀಟರ್‌ಗಿಂತ ಹೆಚ್ಚು ಕುಗ್ಗಬಾರ್ದು ಅನ್ನೋದೂ ಇವರನ್ನ ನೆನೆಸ್ಕೊಂಡೇ.

ಹಾಗಾದ್ರೆ ಸೀಟ್‌ಬೆಲ್ಟ್ ಯಾಕಿಲ್ಲ? ಬ್ರಿಟನ್ನಿನ ರೈಲು ಸುರಕ್ಷತಾ ಸಂಸ್ಥೆ ಆರ್‌ಎಸ್‌ಎಸ್‌ಬಿ ಇದನ್ನ ಗಂಭೀರವಾಗೇ ಪರೀಕ್ಷೆ ಮಾಡ್ತು. ಬೆಲ್ಟಿನ ಎಳೆತ ತಡೆಯೋಕೆ ಸೀಟನ್ನೇ ಗಟ್ಟಿ ಮಾಡ್ಬೇಕಾಗುತ್ತೆ, ಬೆಲ್ಟ್ ಹಾಕ್ಕೊಳ್ಳದೇ ಇರೋ ಹಿಂದಿನ ಸಾಲಿನವನು ಆ ಗಟ್ಟಿ ಸೀಟಿಗೆ ಹೊಡ್ಕೊಂಡ್ರೆ ಅವನಿಗೆ ಗಾಯ ಜಾಸ್ತಿ, ಒಟ್ಟಾರೆ ಲಾಭ ಇಲ್ಲ ಅನ್ನೋ ತೀರ್ಮಾನಕ್ಕೆ ಬಂದ್ರು. ಅದರ ಬದಲು ಸೀಟಿನ ಬೆನ್ನೇ ಸ್ವಲ್ಪ ಬಗ್ಗಿ ಶಕ್ತಿ ಹೀರೋ ಹಾಗೆ ಮಾಡ್ತಾರೆ. ಟೇಬಲ್ ಕಥೆ ಇನ್ನೂ ಸೂಕ್ಷ್ಮ. 2002ರಲ್ಲಿ ಕ್ಯಾಲಿಫೋರ್ನಿಯಾದ ಪ್ಲಸೆಂಶಿಯಾದಲ್ಲಿ ಒಂದು ಗೂಡ್ಸ್ ರೈಲು ಪ್ಯಾಸೆಂಜರ್ ರೈಲಿಗೆ ಗುದ್ದಿದಾಗ ಗಾಡಿಗೆ ಅಂಥಾ ದೊಡ್ಡ ಹಾನಿ ಆಗದಿದ್ರೂ ಟೇಬಲ್ ಅಂಚು ಹೊಟ್ಟೆಗೆ ಬಡಿದು ಜನ ಪ್ರಾಣ ಕಳ್ಕೊಂಡ್ರು. ಅದಾದ ಮೇಲೆ ಅಂಚು ಅಗಲವಾಗಿ ಮೆತ್ತಗಿರೋ, ಹೊಡೆತಕ್ಕೆ ತಾನೇ ಕುಗ್ಗೋ ಟೇಬಲ್ ಬಂತು, 2006ರ ಪ್ವೆಬ್ಲೋ ಟೆಸ್ಟಲ್ಲಿ ಡಮ್ಮಿಗಳನ್ನ ಅದರ ಮುಂದೆ ಕೂರಿಸಿ ನೋಡಿದ್ರು. ಟೇಬಲ್ ಕಿತ್ತು ಹೋಗಲೂಬಾರ್ದು, ಯಾಕಂದ್ರೆ ಅದು ಮನುಷ್ಯನನ್ನ ಅವನ ಜಾಗದಲ್ಲೇ ಹಿಡಿದಿಡುತ್ತೆ.

ಇದಕ್ಕೆಲ್ಲಾ ಒಂದು ಮಿತಿ ಇದೆ, ಅದನ್ನ ಮುಚ್ಚಿಡ್ಬಾರ್ದು. ಸ್ಪೀಡು ವರ್ಗದ ಲೆಕ್ಕದಲ್ಲಿ ಕೆಲಸ ಮಾಡುತ್ತೆ. ಅದೇ 200 ಟನ್ ರೈಲು 160 ಕಿಮೀ ವೇಗದಲ್ಲಿದ್ರೆ ಅದರ ಶಕ್ತಿ 10 ಮೆಗಾಜೂಲ್ ಅಲ್ಲ, ಸುಮಾರು 197. ಅದನ್ನ ತಿನ್ನೋ ಮೂತಿ ಕಟ್ಟೋಕೆ ಹೋದ್ರೆ ಇಡೀ ಕೋಚೇ ಮೂತಿ ಆಗ್ಬೇಕು. ಆ ಸ್ಪೀಡಲ್ಲಿ ಡಿಕ್ಕಿ ಆಗದೇ ಇರೋ ಹಾಗೆ ನೋಡ್ಕೊಳ್ಳೋದು ಸಿಗ್ನಲ್, ಆಟೋಮ್ಯಾಟಿಕ್ ಬ್ರೇಕ್ ಕೆಲಸ. 1999ರಲ್ಲಿ ಲಂಡನ್ನಿನ ಲ್ಯಾಡ್‌ಬ್ರೋಕ್ ಗ್ರೋವಲ್ಲಿ ಎರಡು ರೈಲುಗಳು ಒಟ್ಟು ಸುಮಾರು 210 ಕಿಮೀ ವೇಗದಲ್ಲಿ ಮುಖಾಮುಖಿ ಆದಾಗ 31 ಜನ ಸತ್ರು, ಆ ಡಿಕ್ಕಿಯನ್ನ ಯಾವ ಕ್ರ್ಯಾಶ್ ಬಾಕ್ಸೂ ಪೂರ್ತಿ ತಡೀತಿರಲಿಲ್ಲ. ಆದ್ರೂ ಅಲ್ಲಿಂದ ಒಂದು ಪಾಠ ಬಂತು, ಅಲ್ಯೂಮಿನಿಯಂ ಕೋಚಿನ ಹಾಳೆಗಳು ಬಗ್ಗಿ ಶಕ್ತಿ ಹೀರೋ ಬದಲು ವೆಲ್ಡಿಂಗ್ ಗೆರೆ ಉದ್ದಕ್ಕೂ ಜಿಪ್ ಬಿಚ್ಚಿದ ಹಾಗೆ ಸೀಳಿಕೊಂಡಿತ್ತು. ಅದಾದ ಮೇಲೆ ವೆಲ್ಡ್ ಜಾಗವನ್ನ ಸುತ್ತಲಿನ ಲೋಹಕ್ಕಿಂತ ದುರ್ಬಲವಾಗಿ ಬಿಡಬಾರ್ದು ಅನ್ನೋದರ ಕಡೆ ಗಮನ ಹೋಯ್ತು.

ಜಾಸ್ತಿ ಸ್ಪೀಡಲ್ಲಿ ಕೆಲಸ ಮಾಡೋದು ಸಾಲು ಬಿಡದೇ ಇರೋ ಗುಣ. 1993ರ ಡಿಸೆಂಬರಲ್ಲಿ ಫ್ರಾನ್ಸಿನ ಪಿಕಾರ್ಡಿಯಲ್ಲಿ ಒಂದು ಟಿಜಿವಿ 294 ಕಿಮೀ ಸ್ಪೀಡಲ್ಲಿ ಹಳಿ ತಪ್ತು, ಮೊದಲ ಮಹಾಯುದ್ಧದ ಕಾಲದ ಕಂದಕದ ಮೇಲಿನ ಮಣ್ಣು ಮಳೆಗೆ ಕುಸಿದಿತ್ತು. ಗಾಡಿ ಉರುಳಲಿಲ್ಲ, ಯಾರ ಜೀವವೂ ಹೋಗಲಿಲ್ಲ. ಟಿಜಿವಿಯಲ್ಲಿ ಪಕ್ಕಪಕ್ಕದ ಎರಡು ಕೋಚ್‌ಗಳು ಚಕ್ರಗಳಿರೋ ಒಂದೇ ಚೌಕಟ್ಟಿನ ಮೇಲೆ ಕೂತಿರೋದ್ರಿಂದ ಸಾಲು ಸುಲಭಕ್ಕೆ ಮುರಿಯಲ್ಲ, ನೆಟ್ಟಗೆ ಉಜ್ಜಿಕೊಂಡು ಹೋಗಿ ನಿಲ್ತು. ಉಜ್ಜಿಕೊಂಡು ನಿಲ್ಲೋದೂ ಶಕ್ತಿ ಕರಗಿಸೋ ದಾರಿಯೇ, ಕಿಲೋಮೀಟರ್‌ಗಟ್ಟಲೆ ದೂರ ಸಿಗುತ್ತೆ.

ಕೊನೇದಾಗಿ ವರ್ಕ್‌ಶಾಪ್ ವಿಷಯ, ಡಿಸೈನಿನಷ್ಟೇ ಮುಖ್ಯ ಆದ್ರೂ ಯಾರೂ ಮಾತಾಡದ ವಿಷಯ. ಡಿಫಾರ್ಮೇಶನ್ ಟ್ಯೂಬ್ ಒಂದ್ಸಲ ಕೆಲಸ ಮಾಡಿದ್ರೆ ಮುಗೀತು, ಅದು ವಾಪಸ್ ಬರಲ್ಲ. ಯಾರ್ಡಲ್ಲಿ ಸ್ವಲ್ಪ ಜೋರಾಗಿ ತಾಗಿ ಟ್ಯೂಬ್ ಕೆಲವೇ ಸೆಂಟಿಮೀಟರ್ ಒಳಗೆ ಹೋಗಿರಬಹುದು, ದೂರದಿಂದ ನೋಡಿದ್ರೆ ಕಪ್ಲರ್ ಎಂದಿನ ಹಾಗೇ ಇರುತ್ತೆ, ಗಾಡಿ ಜೋಡಿಸೋಕೂ ಎಳೆಯೋಕೂ ಏನೂ ತೊಂದ್ರೆ ಇಲ್ಲ. ಅದಕ್ಕೇ ಟ್ಯೂಬ್ ಪಕ್ಕದಲ್ಲಿ ಒಂದು ಸಣ್ಣ ಇಂಡಿಕೇಟರ್ ಇಟ್ಟಿರ್ತಾರೆ, ಟ್ಯೂಬ್ ಚೂರು ಜರುಗಿದ್ರೂ ಅದು ಬಗ್ಗಿರುತ್ತೆ ಅಥವಾ ಕಿತ್ತು ಹೋಗಿರುತ್ತೆ. ಇನ್‌ಸ್ಪೆಕ್ಷನ್ ಮಾಡೋ ಟೆಕ್ನಿಷಿಯನ್ ಗಾಡಿ ಕೆಳಗೆ ಬಗ್ಗಿ ಟಾರ್ಚ್ ಹಿಡಿದು ಅದನ್ನ ನೋಡಿ ಟಿಕ್ ಹಾಕ್ಬೇಕು, ಬಗ್ಗಿದ್ರೆ ಟ್ಯೂಬ್ ಬದಲಾಯಿಸೋವರೆಗೂ ಗಾಡಿ ಹೊರಗೆ ಬಿಡಬಾರ್ದು. ಆ ಟ್ಯೂಬ್ ಬದಲಾಯಿಸದೆ ಓಡಿಸಿದ್ರೆ, ಮುಂದಿನ ಡಿಕ್ಕಿಯಲ್ಲಿ ಬೋಲ್ಟು, ಬಾಕ್ಸು, ಚೌಕಟ್ಟು ಎಲ್ಲಾ ತಮ್ಮ ಸರದಿಗೆ ಮೊದಲೇ, ಲೆಕ್ಕ ಹಾಕಿದ್ದಕ್ಕಿಂತ ಹೆಚ್ಚಿನ ಸ್ಪೀಡಲ್ಲಿ ಹೊಡೆತ ತಿನ್ಬೇಕಾಗುತ್ತೆ.